ಕಟ್ಟಿದವರ ಋಣ, ಕಾಯುವವರ ಧರ್ಮ



ಹೊಸ ಕಟ್ಟಡವೊಂದು ಏಳುವಾಗ ನಾವು ಶಂಕುಸ್ಥಾಪನೆ ಮಾಡುತ್ತೇವೆ, ಮುಗಿದಾಗ ಉದ್ಘಾಟನೆ ಮಾಡುತ್ತೇವೆ, ದಾನಿಗಳ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿಸಿ ಗೋಡೆಗೆ ಹಾಕುತ್ತೇವೆ. ಆದರೆ ಅದೇ ಕಟ್ಟಡದ ಮಾಳಿಗೆಯ ಮೇಲೆ ಮಳೆಗಾಲಕ್ಕೆ ಮುಂಚೆ ಹತ್ತಿ, ನೀರು ಹೋಗುವ ಕೊಳವೆಯಲ್ಲಿ ಸೇರಿದ ಎಲೆ ಕಸವನ್ನು ತೆಗೆದವನ ಹೆಸರನ್ನು ಯಾರೂ ಎಲ್ಲಿಯೂ ಬರೆಯುವುದಿಲ್ಲ. ಅವನ ಕೆಲಸ ಚೆನ್ನಾಗಿ ನಡೆದಿದೆ ಎಂಬುದಕ್ಕೆ ಇರುವ ಒಂದೇ ಗುರುತೆಂದರೆ, ಏನೂ ಆಗದಿರುವುದು.

ಕಟ್ಟುವುದು ಪುಣ್ಯದ ಕೆಲಸವಾದರೆ, ಕಟ್ಟಿದ್ದನ್ನು ಕಾಯುವುದು ಯಾವ ಕೆಲಸ? ಹಿಂದಿನವರು ಬಿಟ್ಟುಹೋದದ್ದು ನಮ್ಮ ಕಣ್ಣೆದುರೇ ಹಾಳಾಗುತ್ತಿರುವಾಗ, ಅದನ್ನು ಉಳಿಸಬೇಕಾದದ್ದು ನಮ್ಮ ಕರ್ತವ್ಯವೇ ಅಥವಾ ಇಷ್ಟವಿದ್ದರೆ ಮಾಡಬಹುದಾದ ಉಪಕಾರವೇ? ಈ ಪ್ರಶ್ನೆಯನ್ನು ಬರಿಯ ಮಾತಿನಲ್ಲಿ ಚರ್ಚಿಸುವ ಬದಲು, ನಿಜವಾಗಿ ನಡೆದ ಒಂದು ಸಂಗತಿಯ ಮೂಲಕ ನೋಡೋಣ. ಅದು ದೂರದ ಇಂಗ್ಲೆಂಡಿನ ಒಂದು ಹಳೆಯ ರೈಲ್ವೆ ಸೇತುವೆಯ ಕಥೆ.

ಜೌಗು ನೆಲದ ಮೇಲೆ ಇಪ್ಪತ್ತನಾಲ್ಕು ಕಮಾನು

ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಸೆಟಲ್ ಎಂಬ ಊರಿನಿಂದ ಕಾರ್ಲೈಲ್ ಎಂಬ ಊರಿಗೆ ಬೆಟ್ಟಗಳ ನಡುವೆ 72 ಮೈಲಿಯ ಒಂದು ರೈಲುಮಾರ್ಗವಿದೆ. ಆ ಹಾದಿಯಲ್ಲಿ ರಿಬಲ್‌ಹೆಡ್ ಎಂಬಲ್ಲಿ ಮರವಿಲ್ಲದ, ಸದಾ ಗಾಳಿ ಬೀಸುವ ಒಂದು ಜೌಗು ಬಯಲು. ಅದನ್ನು ದಾಟಿಸಲು ಮಿಡ್ಲೆಂಡ್ ರೈಲ್ವೆ ಕಂಪನಿಯವರು 1870ರಿಂದ 1874ರವರೆಗೆ ಒಂದು ಕಮಾನು ಸೇತುವೆಯನ್ನು ಕಟ್ಟಿದರು. ಇಂಥ ಸೇತುವೆಗೆ ವಯಾಡಕ್ಟ್ ಎನ್ನುತ್ತಾರೆ. ಒಟ್ಟು 24 ಕಮಾನುಗಳು, ಉದ್ದ ಸುಮಾರು 400 ಮೀಟರ್, ಎತ್ತರ 104 ಅಡಿ. ಕಂಬಗಳಿಗೆ ಸುಣ್ಣಕಲ್ಲು, ಕಮಾನುಗಳಿಗೆ ಇಟ್ಟಿಗೆ, ಅವುಗಳನ್ನು ಬೆಸೆಯಲು ಸುಣ್ಣದ ಗಾರೆ. ಜೌಗು ಮಣ್ಣನ್ನೂ ಅದರ ಕೆಳಗಿನ ಜೇಡಿಯನ್ನೂ ಅಗೆದು, ಬಂಡೆ ಸಿಕ್ಕುವವರೆಗೆ ಇಳಿದು ಅಡಿಪಾಯ ಹಾಕಿದರು. ಎಂಜಿನಿಯರ್ ಜಾನ್ ಕ್ರಾಸ್ಲಿಯವರ ಯೋಜನೆಯಲ್ಲಿ ಒಂದು ವಿವೇಕದ ಮಾತಿತ್ತು. ಪ್ರತಿ ಆರನೆಯ ಕಂಬವನ್ನು ಉಳಿದವುಗಳಿಗಿಂತ ದಪ್ಪಗೆ ಕಟ್ಟಿದರು. ಎಂದಾದರೂ ಒಂದು ಕಮಾನು ಬಿದ್ದರೆ ಅದರ ಸೆಳೆತಕ್ಕೆ ಎಲ್ಲವೂ ಸಾಲಾಗಿ ಉರುಳದೆ, ಆ ದಪ್ಪ ಕಂಬದ ಬಳಿ ನಾಶ ನಿಲ್ಲಲಿ ಎಂಬುದು ಅದರ ಉದ್ದೇಶ.

ಕಟ್ಟಿದ ಕೂಲಿಗಳು ಹೆಂಡತಿ ಮಕ್ಕಳೊಂದಿಗೆ ಆ ಬಯಲಿನಲ್ಲೇ ಗುಡಿಸಲು ಹಾಕಿಕೊಂಡರು. ತಮ್ಮ ಕೇರಿಗಳಿಗೆ ಬೇರೆ ಬೇರೆ ಹೆಸರಿಟ್ಟರು. ಅವುಗಳಲ್ಲಿ ಒಂದು ಜೆರಿಕೊ, ಇನ್ನೊಂದು ಜೆರುಸಲೇಮ್. ಬೈಬಲಿನ ಈ ಊರುಗಳ ಹೆಸರು ಹೊತ್ತ ಗುಡಿಸಲುಗಳಲ್ಲಿ ಚಳಿ, ಕೆಸರು, ಅಪಘಾತಗಳ ಜೊತೆಗೆ ಸಿಡುಬೂ ಬಂತು. ಸಮೀಪದ ಚಾಪೆಲ್-ಲೆ-ಡೇಲ್ ಎಂಬ ಹಳ್ಳಿಯ ಸಂತ ಲೆನಾರ್ಡರ ಪುಟ್ಟ ಚರ್ಚಿನ ಸಮಾಧಿಭೂಮಿಯಲ್ಲಿ ಆ ವರ್ಷಗಳಲ್ಲಿ ಸುಮಾರು ಇನ್ನೂರು ಮಂದಿಯನ್ನು ಹೂಳಲಾಯಿತು. ಅವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು. ಜಾಗ ಸಾಲದೆ ಆ ಭೂಮಿಯನ್ನೇ ವಿಸ್ತರಿಸಬೇಕಾಯಿತು. ಅಪಘಾತಗಳಲ್ಲಿ ತೀರಿಕೊಂಡವರ ನೆನಪಿಗೆ ಚರ್ಚಿನೊಳಗೆ ಒಂದು ಫಲಕವಿದೆ. ಅದರ ಖರ್ಚನ್ನು ಕಂಪನಿಯವರೂ ಜೊತೆಗೆಲಸಗಾರರೂ ಸೇರಿ ಭರಿಸಿದರು. 1876ರಲ್ಲಿ ಪ್ರಯಾಣಿಕರ ರೈಲು ಆ ಸೇತುವೆಯ ಮೇಲೆ ಓಡತೊಡಗಿತು.

ಶತ್ರು ಯಾರು?

ಇಂಥ ಸೇತುವೆಗೆ ರೈಲಿನ ಭಾರವೇ ದೊಡ್ಡ ಶತ್ರು ಎಂದು ನಾವು ಎಣಿಸುತ್ತೇವೆ. ವಾಸ್ತವದಲ್ಲಿ ಕಮಾನಿನ ಗುಣವೇ ಬೇರೆ. ಅದರ ಒಂದೊಂದು ಕಲ್ಲೂ ಕೆಳಗೆ ಬೀಳಲು ನೋಡುತ್ತದೆ. ಬೀಳಲು ಹೋಗಿ ಪಕ್ಕದ ಕಲ್ಲನ್ನು ಒತ್ತುತ್ತದೆ. ಆ ಒತ್ತಡವೇ ಎಲ್ಲವನ್ನೂ ನಿಲ್ಲಿಸುತ್ತದೆ. ಮಿತಿಯೊಳಗಿನ ಭಾರ ಅದನ್ನು ಕೆಡಿಸುವುದಿಲ್ಲ.

ಅದನ್ನು ಕೆಡಿಸುವುದು ನೀರು. ಹಳಿಯ ಕೆಳಗಿನ ಜಲ್ಲಿಯ ಮೂಲಕ ಮಳೆನೀರು ಇಳಿಯುತ್ತದೆ. ಅದನ್ನು ತಡೆಯಲು ಹಾಕಿದ ಹೊದಿಕೆ ಕಾಲಕ್ರಮದಲ್ಲಿ ಸವೆದಿರುತ್ತದೆ, ನೀರು ಹೊರಹೋಗುವ ದಾರಿಗಳು ಕಟ್ಟಿಕೊಂಡಿರುತ್ತವೆ. ನೀರು ಕಮಾನಿನೊಳಗೆ ನಿಂತು ಗಾರೆಯ ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸಿಕೊಂಡು ಹೋಗುತ್ತದೆ. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿದಾಗ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗಿ, ಇಟ್ಟಿಗೆಯನ್ನೂ ಕಲ್ಲನ್ನೂ ಒಳಗಿನಿಂದಲೇ ಸೀಳುತ್ತದೆ. ಒಂದು ದಿನದ ನೀರಿನಿಂದ ಏನೂ ಆಗುವುದಿಲ್ಲ. ನೂರು ಚಳಿಗಾಲಗಳ ನೀರಿನಿಂದ ಸೇತುವೆ ಅಪಾಯಕ್ಕೆ ಬರುತ್ತದೆ.

ಗಮನಿಸಿರಿ, ಇಲ್ಲಿ ದುಷ್ಟರು ಯಾರೂ ಇಲ್ಲ. ಈ ಸೇತುವೆ ಬೀಳಲಿ ಎಂದು ಯಾರೂ ಒಂದು ದಿನ ಕುಳಿತು ತೀರ್ಮಾನಿಸಲಿಲ್ಲ. ಈ ವರ್ಷ ಬೇಡ, ಬರುವ ವರ್ಷ ನೋಡೋಣ ಎಂಬ ಮಾತು ಸಾಕು. ನಾವು ಪಾಪನಿವೇದನೆಯಲ್ಲಿ ಮಾಡಿದ ತಪ್ಪುಗಳನ್ನು ಮಾತ್ರವಲ್ಲ, ಮಾಡಬೇಕಾಗಿದ್ದು ಮಾಡದೆ ಬಿಟ್ಟ ಒಳಿತನ್ನೂ ಒಪ್ಪಿಕೊಳ್ಳುತ್ತೇವೆ. ಆದರೆ ಮನಸ್ಸಿನಲ್ಲಿ ಮೊದಲನೆಯದನ್ನೇ ನಿಜವಾದ ಪಾಪವೆಂದೂ ಎರಡನೆಯದನ್ನು ಸಣ್ಣ ಸೇರ್ಪಡೆಯೆಂದೂ ಭಾವಿಸುತ್ತೇವೆ. ಮಾಡದೆ ಬಿಟ್ಟದ್ದಕ್ಕೂ ಭಾರವಿದೆ ಎಂಬುದನ್ನು ನೀರು ಕಲ್ಲಿಗೆ ಕಲಿಸಿದಷ್ಟು ಸ್ಪಷ್ಟವಾಗಿ ಮತ್ತಾರೂ ಕಲಿಸಲಾರರು.

ನಿರ್ಲಕ್ಷ್ಯವೇ ಸಾಕ್ಷಿಯಾದಾಗ

1980ರ ದಶಕದ ಆರಂಭಕ್ಕೆ ರಿಬಲ್‌ಹೆಡ್ ಸೇತುವೆಯ ಸ್ಥಿತಿ ಕೆಟ್ಟಿತ್ತು. ಅಂದು ಸರ್ಕಾರದ ಒಡೆತನದಲ್ಲಿದ್ದ ಬ್ರಿಟಿಷ್ ರೈಲ್ ಸಂಸ್ಥೆ, ಇಡೀ ಮಾರ್ಗವನ್ನೇ ಮುಚ್ಚುವ ಪ್ರಸ್ತಾಪವನ್ನು 1983ರಲ್ಲಿ ಮುಂದಿಟ್ಟಿತು. ಕಾರಣಗಳು ಎರಡು. ಮೊದಲನೆಯದು, ಸೇತುವೆಯ ದುರಸ್ತಿಗೆ ಸುಮಾರು 60 ಲಕ್ಷ ಪೌಂಡ್ ಬೇಕೆಂಬ ಅಂದಾಜು. ಎರಡನೆಯದು, ಪ್ರಯಾಣಿಕರು ತೀರ ಕಡಿಮೆ. 1985ರಲ್ಲಿ ಸೇತುವೆಯ ಮೇಲಿನ ಎರಡು ಹಳಿಗಳಲ್ಲಿ ಒಂದನ್ನು ತೆಗೆದು ಭಾರ ಇಳಿಸಿದರು.

ಈ ಎರಡೂ ಕಾರಣಗಳನ್ನು ತೂಗಿ ನೋಡಬೇಕು. ಪ್ರಯಾಣಿಕರು ಕಡಿಮೆ ಎಂಬುದು ಸುಳ್ಳಲ್ಲ. 1983ರಲ್ಲಿ ಆ ಮಾರ್ಗದ ಪ್ರಯಾಣಗಳ ಸಂಖ್ಯೆ ಸುಮಾರು 93 ಸಾವಿರ. ಆದರೆ 1970ರಲ್ಲಿಯೇ ಸೆಟಲ್ ಮತ್ತು ಕಾರ್ಲೈಲ್ ನಡುವೆ ಉಳಿದಿದ್ದ ನಿಲ್ದಾಣಗಳಲ್ಲಿ ಆ್ಯಪಲ್‌ಬಿಯೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಮುಚ್ಚಲಾಗಿತ್ತು. ನಿಲ್ದಾಣವಿಲ್ಲದ ಊರಿನವರು ರೈಲು ಹತ್ತುವುದು ಹೇಗೆ? 1986ರಲ್ಲಿ ಎಂಟು ನಿಲ್ದಾಣಗಳನ್ನು ಮತ್ತೆ ತೆರೆದರು. 1989ರ ಹೊತ್ತಿಗೆ ಪ್ರಯಾಣಗಳ ಸಂಖ್ಯೆ 4 ಲಕ್ಷ 50 ಸಾವಿರಕ್ಕೆ ಏರಿತು. ಮುಚ್ಚುವ ಸುದ್ದಿ ಕೇಳಿ ಕೊನೆಯ ಸಲ ನೋಡೋಣವೆಂದು ಬಂದವರೂ ಅವರಲ್ಲಿದ್ದರು, ನಿಜ. ಆದರೂ, ಯಾರಿಗೂ ಬೇಡವಾದ ಮಾರ್ಗ ಎಂಬ ಮಾತು ಅಲ್ಲಿಗೆ ನಿಲ್ಲಲಿಲ್ಲ.

ದುರಸ್ತಿಯ ಖರ್ಚಿನ ವಿಷಯವೂ ಹಾಗೆಯೇ. 1988ರಲ್ಲಿ ಒಂದು ಕಮಾನನ್ನು ಪ್ರಾಯೋಗಿಕವಾಗಿ ದುರಸ್ತಿ ಮಾಡಿ ನೋಡಿದರು. ಭಯಪಟ್ಟಷ್ಟು ಖರ್ಚು ಬಾರದು ಎಂದು ಆಗ ತಿಳಿಯಿತು. ಮುಚ್ಚುವುದರ ವಿರುದ್ಧ 22 ಸಾವಿರಕ್ಕೂ ಹೆಚ್ಚು ಆಕ್ಷೇಪಣೆಗಳು ಬಂದಿದ್ದವು. ಅವುಗಳಲ್ಲಿ ಒಂದು, ಟಿಕೆಟ್ ಪಡೆದು ಪ್ರಯಾಣ ಮಾಡುತ್ತಿದ್ದ ನಾಯಿಯದು. ಸಹಿಯ ಜಾಗದಲ್ಲಿ ಅದರ ಪಂಜದ ಗುರುತಿತ್ತು. ಕೊನೆಗೆ 1989ರ ಏಪ್ರಿಲ್ 11ರಂದು ಸಾರಿಗೆ ಸಚಿವ ಮೈಕೆಲ್ ಪೋರ್ಟಿಲೊ ಅವರು ಮಾರ್ಗವನ್ನು ಮುಚ್ಚುವುದಿಲ್ಲವೆಂದು ತೀರ್ಪು ಕೊಟ್ಟರು. 1990ರಿಂದ 1992ರವರೆಗೆ ಸೇತುವೆಯ ದುರಸ್ತಿ ನಡೆಯಿತು. ಮೊದಲ ಅಂದಾಜಿನ ಸುಮಾರು ಅರ್ಧ ಹಣದಲ್ಲಿ ಕೆಲಸ ಮುಗಿಯಿತು.

ಈ ಕಥೆಯ ನೀತಿ ನನಗೆ ಕಾಣುವುದು ಇಲ್ಲಿ. ನಿರ್ಲಕ್ಷ್ಯವು ತನ್ನ ಪರವಾದ ಸಾಕ್ಷಿಯನ್ನು ತಾನೇ ಸಿದ್ಧಪಡಿಸಿಕೊಳ್ಳುತ್ತದೆ. ಮೊದಲು ನಾವು ನೋಡಿಕೊಳ್ಳುವುದನ್ನು ಬಿಡುತ್ತೇವೆ. ಅದರಿಂದ ವಸ್ತು ಕೆಡುತ್ತದೆ. ಆಮೇಲೆ ಅದು ಕೆಟ್ಟಿರುವುದನ್ನೇ ತೋರಿಸಿ, ಇದನ್ನು ಇಟ್ಟುಕೊಂಡು ಪ್ರಯೋಜನವಿಲ್ಲ ಎನ್ನುತ್ತೇವೆ. ನಮ್ಮ ಮನೆಗಳಲ್ಲೂ ಇದೇ ತರ್ಕ ನಡೆಯುತ್ತದೆ. ವಯಸ್ಸಾದ ತಂದೆಯೊಂದಿಗೆ ವರ್ಷಗಟ್ಟಲೆ ಯಾರೂ ಕುಳಿತು ಮಾತಾಡಿರುವುದಿಲ್ಲ, ಅವರು ಮೌನಿಯಾಗುತ್ತಾರೆ, ಆಗ, ಅಪ್ಪನಿಗೆ ಈಗ ಯಾರೂ ಬೇಕಾಗಿಲ್ಲ ಎನ್ನುತ್ತೇವೆ. ಗಂಡ ಹೆಂಡಿರು ಹತ್ತು ವರ್ಷ ಸಣ್ಣ ಸಣ್ಣ ಬಿರುಕುಗಳನ್ನು ಮುಚ್ಚದೆ ಬಿಟ್ಟು, ಹನ್ನೊಂದನೆಯ ವರ್ಷದಲ್ಲಿ, ನಮ್ಮಿಬ್ಬರಿಗೆ ಮೊದಲಿನಿಂದಲೂ ಹೊಂದಾಣಿಕೆ ಇರಲಿಲ್ಲ ಎನ್ನುತ್ತಾರೆ. ಹೇಳುವವರು ಸುಳ್ಳು ಹೇಳುತ್ತಿಲ್ಲ. ಕಣ್ಣಿಗೆ ಕಾಣುವುದನ್ನೇ ಹೇಳುತ್ತಿದ್ದಾರೆ. ಆದರೆ ಹಾಗೆ ಕಾಣುವಂತಾದುದು ಹೇಗೆ ಎಂದು ಕೇಳಿಕೊಳ್ಳುವುದಿಲ್ಲ.

ಎದುರು ವಾದವನ್ನೂ ಕೇಳೋಣ

ಸೇತುವೆಯನ್ನು ಬಿಟ್ಟುಬಿಡಬಹುದಿತ್ತು ಎನ್ನುವವರ ಮಾತಿನಲ್ಲೂ ಹುರುಳಿದೆ. ಒಂದನೆಯದಾಗಿ, ಸತ್ತ ಕೂಲಿಗಳು ಸೇತುವೆ ಉಳಿದರೂ ಎದ್ದು ಬರುವುದಿಲ್ಲ, ಉರುಳಿದರೂ ಮತ್ತೆ ಸಾಯುವುದಿಲ್ಲ. ಎರಡನೆಯದಾಗಿ, ಅಷ್ಟು ಹಣದಿಂದ ಆಸ್ಪತ್ರೆಗೋ ಶಾಲೆಗೋ ಸಹಾಯ ಮಾಡಬಹುದಿತ್ತು. ಮೂರನೆಯದಾಗಿ, ಮನುಷ್ಯ ಕಟ್ಟಿದ್ದು ಯಾವುದೂ ಶಾಶ್ವತವಲ್ಲ. ಕಲ್ಲಿಗೆ ಅಂಟಿಕೊಳ್ಳುವುದೂ ಒಂದು ಬಗೆಯ ವಿಗ್ರಹಾರಾಧನೆಯೇ.

ಮೊದಲನೆಯ ಮಾತನ್ನು ಅರ್ಧ ಒಪ್ಪಬೇಕು. ನೂರಾರು ಮಂದಿ ಪ್ರಾಣ ತೆತ್ತರು ಎಂಬುದೊಂದೇ ಒಂದು ವಸ್ತುವನ್ನು ಉಳಿಸಲು ಕಾರಣವಾಗಲಾರದು. ಹಾಗಾದರೆ ಜೀವಗಳನ್ನು ನುಂಗಿದ ಕೆಟ್ಟ ಯೋಜನೆಗಳನ್ನೂ ಉಳಿಸಿಕೊಳ್ಳಬೇಕಾದೀತು. ಆದರೆ ಆ ಕೂಲಿಗಳು ದುಡಿದದ್ದು ಕಲ್ಲಿನ ರಾಶಿಯೊಂದು ನಿಲ್ಲಲಿ ಎಂದಲ್ಲ, ಜನ ದಾಟಿಹೋಗಲಿ ಎಂದು. ಆ ಉದ್ದೇಶ ಇನ್ನೂ ಈಡೇರುತ್ತಿರುವಾಗ, ಅದನ್ನು ಸ್ವಲ್ಪ ಶ್ರಮದಿಂದ ಮುಂದುವರಿಸಬಹುದಾಗಿರುವಾಗ, ಅಲಕ್ಷ್ಯದಿಂದ ಕೈಬಿಡುವುದು ಅವರ ದುಡಿಮೆಯನ್ನು ಹಗುರವಾಗಿ ಕಂಡಂತೆ. ಋಣವೆಂದರೆ ಸತ್ತವರಿಗೆ ಹಿಂದಿರುಗಿಸಬೇಕಾದ ಹಣವಲ್ಲ. ಅವರಿಂದ ಪಡೆದುದನ್ನು ಮುಂದಿನವರಿಗೆ ದಾಟಿಸಬೇಕಾದ ಹೊಣೆ.

ಎರಡನೆಯ ಮಾತು ಇನ್ನೂ ಗಂಭೀರವಾದುದು. ಬಡವರ ಹಕ್ಕಿನ ಮುಂದೆ ಕಲ್ಲಿನ ಹಕ್ಕು ದೊಡ್ಡದಲ್ಲ. ಆದರೆ ಇಂಥ ಹೋಲಿಕೆ ಮಾಡುವಾಗ ಪ್ರಾಮಾಣಿಕರಾಗಿರಬೇಕು. ಮುಚ್ಚಿದ ಮಾರ್ಗದ ಹಣ ತಾನಾಗಿಯೇ ಆಸ್ಪತ್ರೆಗೆ ಹರಿಯುವುದಿಲ್ಲ. ಕೈಬಿಟ್ಟ ಸೇತುವೆಗೂ ಖರ್ಚಿದೆ. ಕೆಡವಲು ಹಣ ಬೇಕು, ಕೆಡವದಿದ್ದರೆ ಬೀಳದಂತೆ ಕಾಯಲು ಹಣ ಬೇಕು. ಮಾರ್ಗ ಹೋದರೆ ಮೊದಲು ಕಷ್ಟಪಡುವವರು ಸ್ವಂತ ವಾಹನವಿಲ್ಲದವರೇ. ಸಂತ ತೋಮಾಸ್ ಅಕ್ವಿನಾಸರು ವಿವೇಕವನ್ನು ನೈತಿಕ ಸದ್ಗುಣಗಳಿಗೆಲ್ಲ ದಾರಿ ತೋರುವ ಗುಣವೆಂದು ಪರಿಗಣಿಸಿದರು. ವಿವೇಕವೆಂದರೆ ಹೆದರಿ ಹಿಂಜರಿಯುವುದಲ್ಲ. ವಸ್ತುಸ್ಥಿತಿ ಹೇಗಿದೆಯೋ ಹಾಗೆ ನೋಡಿ, ಅದಕ್ಕೆ ತಕ್ಕಂತೆ ನಡೆಯುವುದು. ರಿಬಲ್‌ಹೆಡ್‌ನಲ್ಲಿ ವಾದವಿವಾದಗಳನ್ನು ತಿಳಿಯಾಗಿಸಿದ್ದು ಒಂದು ಕಮಾನನ್ನು ನಿಜವಾಗಿ ಬಿಚ್ಚಿ ದುರಸ್ತಿ ಮಾಡಿ ನೋಡಿದ ಕೆಲಸ.

ಮೂರನೆಯ ಮಾತು ಸತ್ಯ. ಎಲ್ಲವನ್ನೂ ಉಳಿಸಲಾಗದು, ಉಳಿಸಬೇಕಾಗಿಯೂ ಇಲ್ಲ. ಅದೇ ಪ್ರದೇಶದಲ್ಲಿದ್ದ ಬೆಲಾ ಎಂಬ ಎತ್ತರದ ಕಬ್ಬಿಣದ ಸೇತುವೆಯನ್ನು, ಅದರ ಮಾರ್ಗ ನಿಂತುಹೋದ ಮೇಲೆ, 1963ರಲ್ಲಿ ಬಿಚ್ಚಿಹಾಕಿದರು. ಅದೇ ಮಾರ್ಗದಲ್ಲಿದ್ದ ಸ್ಮಾರ್ಡೇಲ್ ಗಿಲ್ ಎಂಬ 14 ಕಮಾನುಗಳ ಕಲ್ಲಿನ ಸೇತುವೆಯ ಮೇಲೆಯೂ 1962ರಿಂದ ರೈಲು ಓಡುತ್ತಿಲ್ಲ. ಆದರೆ ಅದನ್ನು ದುರಸ್ತಿ ಮಾಡಿ ಉಳಿಸಿಕೊಂಡರು. ಈಗ ಅದರ ಮೇಲೆ ಜನ ನಡೆದುಹೋಗುತ್ತಾರೆ. ಆದ್ದರಿಂದ ಕೈಬಿಡುವುದು ಎಲ್ಲ ಸಂದರ್ಭದಲ್ಲೂ ತಪ್ಪಲ್ಲ. ನೋಡದೆ, ಪರೀಕ್ಷಿಸದೆ, ಬೇರೆ ಉಪಯೋಗ ಉಂಟೇ ಎಂದು ಕೇಳದೆ ಕೈಬಿಡುವುದು ತಪ್ಪು.

ಹಳೆಯದೇ, ಹೊಸದೇ?

ತತ್ವಶಾಸ್ತ್ರದಲ್ಲಿ ಒಂದು ಹಳೆಯ ಒಗಟಿದೆ. ಗ್ರೀಕ್ ಲೇಖಕ ಪ್ಲೂಟಾರ್ಕ್ ದಾಖಲಿಸಿರುವಂತೆ, ಥೀಸಿಯಸ್ ಎಂಬ ವೀರನ ಹಡಗನ್ನು ಅಥೆನ್ಸಿನವರು ಕಾಪಾಡಿಕೊಂಡು ಬಂದರು. ಕೊಳೆತ ಹಲಗೆಯನ್ನು ತೆಗೆದು ಹೊಸದನ್ನು ಹಾಕುತ್ತಾ ಹೋದರು. ಕೊನೆಗೆ ಅದು ಅದೇ ಹಡಗೋ ಬೇರೆಯದೋ ಎಂದು ತತ್ವಜ್ಞಾನಿಗಳು ವಾದಿಸಿದರು. ಒಡೆದ ಕಲ್ಲು ತೆಗೆದು ಹೊಸ ಕಲ್ಲು ಕೂರಿಸಿದ, ಹೊಸ ಗಾರೆ ತುಂಬಿದ ರಿಬಲ್‌ಹೆಡ್ ಸೇತುವೆಗೂ ಈ ಪ್ರಶ್ನೆ ಕೇಳಬಹುದು.

ಇದಕ್ಕೆ ಸಂತ ತೋಮಾಸರ ಒಂದು ವಿಚಾರ ಬೆಳಕು ಕೊಡುತ್ತದೆ. ದೇವರು ಲೋಕವನ್ನು ಒಮ್ಮೆ ಸೃಷ್ಟಿಸಿ ದೂರ ಸರಿದುಬಿಟ್ಟವರಲ್ಲ. ಸೃಷ್ಟಿಯನ್ನು ಇರುವಂತೆ ಕಾಯುವುದು ಅವರ ಬೇರೊಂದು ಹೊಸ ಕೆಲಸವಲ್ಲ. ಇರವನ್ನು ಕೊಟ್ಟ ಅದೇ ಕ್ರಿಯೆಯ ಮುಂದುವರಿಕೆ. ಸೂರ್ಯನಿಂದ ಗಾಳಿಯಲ್ಲಿ ಬೆಳಕು ನಿಲ್ಲುವ ಹಾಗೆ. ನಾವು ದೇವರಲ್ಲ, ನಮ್ಮ ಕೆಲಸವನ್ನು ಅವರದಕ್ಕೆ ಸರಿಸಮ ಮಾಡಲಾಗದು. ಆದರೂ ಹೋಲಿಕೆಯಿಂದ ಒಂದು ಮಾತು ಹೇಳಬಹುದು: ಕಾಯುವುದು ಕಟ್ಟುವುದಕ್ಕಿಂತ ಕೀಳಾದ ಬೇರೆ ಕೆಲಸವಲ್ಲ, ಕಟ್ಟುವ ಕೆಲಸದ್ದೇ ಮುಂದಿನ ಭಾಗ. 1870ರಲ್ಲಿ ಕಲ್ಲಿಟ್ಟ ಕೂಲಿಯೂ 1990ರಲ್ಲಿ ಸಾರುವೆ ಹತ್ತಿ ಸಂದು ತುಂಬಿದ ಕೆಲಸಗಾರನೂ ಒಂದೇ ಸೇತುವೆಯನ್ನು ಕಟ್ಟಿದವರು. ಹೆತ್ತ ತಾಯಿ ಒಂದು ದಿನ ಹೆರುತ್ತಾಳೆ, ಇಪ್ಪತ್ತು ವರ್ಷ ಸಾಕುತ್ತಾಳೆ. ಎರಡರಲ್ಲಿ ಯಾವುದು ತಾಯ್ತನ ಎಂದು ಯಾರಾದರೂ ಕೇಳುತ್ತಾರೆಯೇ?

ಗಾರೆ ಕಲ್ಲಿಗಿಂತ ಮೆತ್ತಗಿರಬೇಕು

ದುರಸ್ತಿಯಲ್ಲೂ ಒಂದು ನ್ಯಾಯವಿದೆ. ಹಳೆಯ ಕಲ್ಲಿನ ಕೆಲಸದ ಸಂದುಗಳನ್ನು ತುಂಬಲು ಗಟ್ಟಿ ಸಿಮೆಂಟು ಹಾಕಿದರೆ ಒಳ್ಳೆಯದೆಂದು ತೋರುತ್ತದೆ. ಬಲ್ಲವರು ಹಾಗೆ ಮಾಡುವುದಿಲ್ಲ. ಸುಣ್ಣದ ಗಾರೆ ಕಲ್ಲಿಗಿಂತ ಮೆತ್ತಗಿರುತ್ತದೆ. ಕಟ್ಟಡ ಸ್ವಲ್ಪ ಅಲುಗಿದರೆ ತಾನು ಬಾಗುತ್ತದೆ, ಒಳಗಿನ ತೇವ ತನ್ನ ಮೂಲಕ ಹೊರಗೆ ಆರಿಹೋಗಲು ಬಿಡುತ್ತದೆ. ಸವೆಯಬೇಕಾದಾಗ ತಾನು ಸವೆದು ಕಲ್ಲನ್ನು ಉಳಿಸುತ್ತದೆ. ಗಟ್ಟಿ ಸಿಮೆಂಟು ತಾನು ಬಾಗುವುದಿಲ್ಲ, ತೇವವನ್ನು ಒಳಗೇ ಕಟ್ಟಿಹಾಕುತ್ತದೆ. ಕೊನೆಗೆ ಸಿಮೆಂಟು ಉಳಿದು ಪಕ್ಕದ ಕಲ್ಲು ಉದುರುತ್ತದೆ. ನಮ್ಮ ನಾಡಿನ ಹಳೆಯ ಸುಣ್ಣದ ಗಾರೆಯ ಮನೆ, ಚರ್ಚುಗಳನ್ನು ರಿಪೇರಿ ಮಾಡುವವರೂ ತಿಳಿದಿರಬೇಕಾದ ಸಂಗತಿ ಇದು.

ಮನುಷ್ಯರ ನಡುವಿನ ದುರಸ್ತಿಗೂ ಇದು ಸಲ್ಲುತ್ತದೆ. ಮಗನನ್ನು ತಿದ್ದಲು ಹೊರಟ ತಂದೆಯ ಮಾತು ಮಗನ ಮನಸ್ಸಿಗಿಂತ ಗಟ್ಟಿಯಾಗಿದ್ದರೆ, ಮಾತು ಉಳಿಯುತ್ತದೆ, ಮಗ ಒಡೆಯುತ್ತಾನೆ. ಜಗಳವಾದ ಸಹೋದರರನ್ನು ಒಂದುಗೂಡಿಸಲು ಹೋದವನು ತಾನೇ ಸ್ವಲ್ಪ ಸವೆಯಲು ಸಿದ್ಧನಿರಬೇಕು. ಸಂಬಂಧಗಳಲ್ಲಿ ಗಾರೆಯಾಗುವವರಿಗೆ ಹೆಸರಿಲ್ಲ. ಹೆಚ್ಚಾಗಿ ಅವರು ತಾಯಂದಿರು, ಹಿರಿಯಕ್ಕಂದಿರು. ಅವರು ಸವೆದದ್ದು ಯಾರ ಗಮನಕ್ಕೂ ಬರುವುದಿಲ್ಲ, ಮನೆ ನಿಂತಿರುವುದಷ್ಟೇ ಕಾಣುತ್ತದೆ. ಆದರೆ ಗಾರೆಯನ್ನೂ ಕಾಲಕಾಲಕ್ಕೆ ಹೊಸದಾಗಿ ತುಂಬಬೇಕು. ಒಬ್ಬಳೇ ಸವೆಯುತ್ತಿರಲಿ ಎಂದು ಉಳಿದವರು ಕಲ್ಲಿನಂತೆ ಕುಳಿತರೆ, ಆ ಮನೆಯೂ ಹೆಚ್ಚು ಕಾಲ ನಿಲ್ಲದು.

ಮುಗಿಯದ ಕೆಲಸ

1992ರಲ್ಲಿ ದುರಸ್ತಿ ಮುಗಿಯಿತಲ್ಲ, ಇನ್ನು ನಿಶ್ಚಿಂತೆ ಎಂದುಕೊಂಡರೆ ತಪ್ಪಾದೀತು. 2020ರ ನವೆಂಬರಿನಲ್ಲಿ ರಿಬಲ್‌ಹೆಡ್‌ನಲ್ಲಿ ಮತ್ತೆ ಸಾರುವೆ ಕಟ್ಟಿದರು. ನೂರಾರು ಸಂದುಗಳಿಗೆ ಹೊಸ ಗಾರೆ ತುಂಬಿ, ಒಡೆದ ಕಲ್ಲುಗಳನ್ನು ಬದಲಿಸಿದರು. 2021ರವರೆಗೆ ನಡೆದ ಆ ಕೆಲಸಕ್ಕೆ 21 ಲಕ್ಷ ಪೌಂಡ್ ವೆಚ್ಚವಾಯಿತು. ಇನ್ನು ಕೆಲವು ದಶಕಗಳಲ್ಲಿ ಮತ್ತೊಂದು ತಲೆಮಾರು ಅದೇ ಕಂಬಗಳನ್ನು ಹತ್ತಬೇಕಾಗುತ್ತದೆ. ಇದು ಹಿಂದಿನ ದುರಸ್ತಿಯ ಸೋಲಲ್ಲ. ಮಳೆ ಇರುವವರೆಗೆ ಸೇತುವೆಯನ್ನು ಕಾಯುವ ರೀತಿಯೇ ಇದು. ನಿನ್ನೆ ಅನ್ನ ಬೇಯಿಸಿದ್ದೇನೆಂದು ಇಂದು ಒಲೆ ಹಚ್ಚದೆ ಇರುವವರುಂಟೇ?

ಪ್ರಿಯರೇ, ನಮಗೆ ಯಾರಿಗೂ 24 ಕಮಾನುಗಳ ಸೇತುವೆಯ ಹೊಣೆ ಬಂದಿಲ್ಲ. ಆದರೆ ನಾವೆಲ್ಲರೂ ಬೇರೆಯವರು ಕಟ್ಟಿದ ಏನಾದರೊಂದರ ಮೇಲೆ ನಡೆಯುತ್ತಿದ್ದೇವೆ. ಅಜ್ಜ ತೋಡಿದ ಬಾವಿ ಇರಬಹುದು, ಊರಿನವರು ಚಂದಾ ಎತ್ತಿ ಕಟ್ಟಿದ ಶಾಲೆ ಇರಬಹುದು, ತಂದೆತಾಯಿ ಕಷ್ಟಪಟ್ಟು ಉಳಿಸಿಕೊಂಡ ನೆಂಟಸ್ತಿಕೆ ಇರಬಹುದು. ಇದು ಇನ್ನು ಉಪಯೋಗಕ್ಕೆ ಬಾರದು ಎಂದು ಹೇಳುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳೋಣ: ಇದು ತಾನಾಗಿ ಕೆಟ್ಟಿತೇ, ನಾವು ನೋಡದೆ ಬಿಟ್ಟಿದ್ದರಿಂದ ಕೆಟ್ಟಿತೇ? ಉತ್ತರ ಎರಡನೆಯದಾದರೆ, ತೀರ್ಪು ಕೊಡುವುದಕ್ಕೆ ಮೊದಲು ಒಂದು ಕಮಾನನ್ನಾದರೂ ದುರಸ್ತಿ ಮಾಡಿ ನೋಡೋಣ. ತಂದೆಯ ಬಳಿ ಅರ್ಧ ಗಂಟೆ ಕೂರುವುದು, ಮಾತು ಬಿಟ್ಟ ತಮ್ಮನಿಗೆ ಒಂದು ಕಾಗದ ಬರೆಯುವುದು, ಮಳೆಗೆ ಮುಂಚೆ ಮಾಳಿಗೆ ಹತ್ತುವುದು. ಖರ್ಚು ನಾವು ಹೆದರಿದ್ದಕ್ಕಿಂತ ಕಡಿಮೆಯಾಗಿರಲೂಬಹುದು.